ಮೈಕಿನಲ್ಲಿ ಹೇಳದ ಮಾತು

೧೯೯೩ರಲ್ಲಿ, ಒಂಬತ್ತನೆಯ ತರಗತಿಯ ದಸರಾ ರಜೆ ಮುಗಿದ ಮೇಲೆ ನಾನು ಸಾಲಿಗೆ ಹೋಗಲಿಲ್ಲ. ಬಡತನ ಕಾರಣವಲ್ಲ, ಮನೆಯಲ್ಲಿ ಜೋಳಕ್ಕೆ ಕೊರತೆ ಇರಲಿಲ್ಲ. ಮಾಸ್ತರರು ಬಡಿದದ್ದೂ ಇಲ್ಲ. ಸಾಲಿಯ ರಜೆ ಮುಗಿಯಿತು, ನನ್ನದು ಮುಗಿಯಲಿಲ್ಲ, ಅಷ್ಟೆ. ಯಾರಾದರೂ ಕರೆಯಲು ಬಂದಾರೆಂದು ಒಂದು ವಾರ ಕಟ್ಟೆಯ ಮೇಲೆ ಕಾದೆ. ಯಾರೂ ಬರಲಿಲ್ಲ. ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮೋಟರು ಕಟ್ಟುವುದನ್ನು ಕಲಿತೆ.

ಬೋರಿನ ಮೋಟರು ಸುಟ್ಟಾಗ ಒಳಗಿನ ಹಳೆಯ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ನನ್ನ ಕಸುಬು. ಮಕ್ತಲ್ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ. ಗದ್ವಾಲದಿಂದಲೂ ಮೋಟರು ಹೊತ್ತು ತರುತ್ತಾರೆ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವುದಿಲ್ಲ. ತೆಲಂಗಾಣ ರಾಜ್ಯ ಬಂದ ಮೇಲೆ ಕರೆಂಟು ಸುಧಾರಿಸಿ ಮೋಟರು ಸುಡುವುದು ಕಡಿಮೆಯಾಯಿತು. ಊರಿಗೆ ಒಳ್ಳೆಯದಾಯಿತು. ನಾನೂ ಊರಿನವನೇ ಆದ್ದರಿಂದ ನನಗೂ ಒಳ್ಳೆಯದಾಯಿತೆಂದೇ ಹೇಳಬೇಕು.

ಹೈಸ್ಕೂಲಿನ ಹೆಡ್‌ಮಾಸ್ತರರು ಒಂದು ದಿನ ಸಾಲಿಯ ನೀರಿನ ಮೋಟರು ತಂದವರು, ಬೆಂಚಿನ ಮೇಲೆ ಕುಳಿತು ಸಂಕಟ ತೋಡಿಕೊಂಡರು. ಹತ್ತನೆಯ ತರಗತಿಯ ಮಕ್ಕಳಿಗೆ ಓದಿನ ಮೇಲೆ ಮನಸ್ಸಿಲ್ಲ, ಕುಳಿತಲ್ಲೇ ನಿದ್ದೆ ಮಾಡುತ್ತಾರೆ. ನೀವು ಬಂದು, ಓದು ಬಿಟ್ಟು ಎಷ್ಟು ಕಷ್ಟಪಟ್ಟಿರಿ ಅನ್ನುವುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕು ಎಂದರು. ಒಪ್ಪಿಕೊಂಡೆ. ಕಷ್ಟ ನನ್ನ ಹತ್ತಿರ ಬೇಕಾದಷ್ಟಿತ್ತು.

ಆದರೆ ಮೈಕು ಅನ್ನುವುದು ವಿಚಿತ್ರ ಯಂತ್ರ. ದನಿ ದೊಡ್ಡದು ಮಾಡುತ್ತದೆಂದು ಹೇಳಿ ಮಾರುತ್ತಾರೆ, ಅದು ಮನುಷ್ಯನನ್ನೇ ದೊಡ್ಡದು ಮಾಡಿಬಿಡುತ್ತದೆ. ಸಾಲಿಯ ಸಭೆಯಲ್ಲಿ ಹೆಗಲಿಗೆ ಶಾಲು ಬಿದ್ದ ಕೂಡಲೇ ಕಷ್ಟಗಳೆಲ್ಲ ಎಲ್ಲಿ ಹೋದವೋ. ಅಂಗಡಿ ಕಟ್ಟಿದ್ದು, ಬೈಕು ಕೊಂಡದ್ದು, ಇಂಜಿನಿಯರೊಬ್ಬ ಕೈಬಿಟ್ಟ ಮೋಟರನ್ನು ನಾನು ತಿರುಗಿಸಿದ್ದು, ಇವೇ ಬಾಯಿಗೆ ಬಂದವು. ಮಕ್ಕಳು ಜೋರಾಗಿ ಚಪ್ಪಾಳೆ ಹೊಡೆದರು. ಹೆಡ್‌ಮಾಸ್ತರರ ಚಪ್ಪಾಳೆ ಸ್ವಲ್ಪ ತಡವಾಗಿ ಬಂತು.

ಸೋಮವಾರ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಉಟ್ಕೂರ್ ರಸ್ತೆಯ ಹಳ್ಳಿಯ ಹುಡುಗಿ ಮಾಳಮ್ಮ ನಿಂತಿದ್ದಳು. ಹತ್ತನೆಯ ತರಗತಿ, ಕುರಿಯವರ ಮನೆ.

"ಮಾವ, ಮೋಟರ ಕಟ್ಟೋದು ಕಲಸ್ರಿ. ಸಾಲಿ ಬಿಟ್ಟೀನಿ."

"ಯಾಕವ್ವ?"

"ಅಲ್ಲಿ ಕುಂತ್ರ ನಿದ್ದಿ ಬರ್ತೈತ್ರಿ. ನೀವು ಮಾತಾಡಿದ ದಿನ ಒಂದಾ ಬರಲಿಲ್ಲ."

ಜನ್ಮದಲ್ಲಿ ಇಂಥ ಹೊಗಳಿಕೆ ಕೇಳಿದವನಲ್ಲ. ಆದರೂ ತಿರುಗಿ ಸಾಲಿಗೆ ಕಳಿಸಬೇಕಿತ್ತು, ಕಳಿಸಲಿಲ್ಲ. ಅವಳ ಬೆರಳು ಸಪೂರ, ತಂತಿ ಸರಾಗವಾಗಿ ಕೂರುತ್ತಿತ್ತು. ಸುತ್ತು ಎಣಿಸುವಾಗ ಗಿರಾಕಿ ಮಾತಾಡಿಸಿದರೆ ನನಗೆ ಎಣಿಕೆ ತಪ್ಪುತ್ತದೆ, ಅವಳಿಗೆ ತಪ್ಪಲಿಲ್ಲ. ನನಗೂ ಒಂದು ಕೈ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ. ನಾಳೆ ಕಳಿಸಿದರಾಯಿತು ಎಂದುಕೊಂಡು ಎರಡು ದಿನ ಕಳೆದೆ.

ಮೂರನೆಯ ದಿನ ಅವಳ ತಾಯಿ ಬೀರಮ್ಮ ಬಂದಳು, ಕುರಿ ಕಾಯುವ ಕೋಲು ಕೈಯಲ್ಲೇ ಇತ್ತು.

"ನೀ ಮೈಕಿನ್ಯಾಗ ಒದರಿದ್ದಕ್ಕ ನನ್ನ ಮಗಳು ಚೀಲ ಮೂಲಿಗೆ ಒಗದಾಳ. ಶನಿವಾರ ಪರೀಕ್ಷಾ ಫೀಜಿಗೆ ಕಡೀ ದಿನ ಅಂತ. ಕುರಿ ಕಾಯಾಕ ನಾ ಅದೀನಿ, ಮೋಟರ ಕಟ್ಟಾಕ ನೀ ಅದಿ. ಓದಾಕ ಯಾರರ ಒಬ್ರು ಬ್ಯಾಡೇನು?"

"ಮಾವ ಓದಿ ಕಟ್ಟ್ಯಾನೇನು ಇದನ್ನೆಲ್ಲ?" ಎಂದಳು ಮಾಳಮ್ಮ, ತಲೆ ಎತ್ತದೆ. ಅವಳ ಮುಂದೆ ಇಟಿಕ್ಯಾಲದಿಂದ ಬಂದ ಮೋಟರು ಬಿಚ್ಚಿ ಬಿದ್ದಿತ್ತು. ಹಳೆಯ ಸುತ್ತು ಎಣಿಸುವುದು, ಅಷ್ಟೇ ಹೊಸದು ಹಾಕುವುದು, ಅದೇ ನಮ್ಮ ಪದ್ಧತಿ. ಎಣಿಸುತ್ತಾ ಎಣಿಸುತ್ತಾ ಅವಳು ಕೇಳಿದಳು: "ಇದು ಮೂರು ಸಲ ಸುಟ್ಟೈತಂತಲ್ರಿ. ಹಳೀ ಲೆಕ್ಕಾನಾ ತಪ್ಪಿದ್ರ ಏನ ಮಾಡ್ತೀರಿ?"

ಏನಾದರೊಂದು ಹೇಳಿ ಬಾಯಿ ಮುಚ್ಚಿಸಬಹುದಿತ್ತು. ಬೀರಮ್ಮನ ಮುಖ ನೋಡಿದೆ.

"ಹಂಗಾದ್ರ ರಾಯಚೂರಿಗೆ ಹೋಗ್ತೀನವ್ವ. ಅಲ್ಲಿ ಡಿಪ್ಲೊಮಾ ಓದಿದ ಹುಡುಗ ಒಬ್ಬ ಅದಾನ, ವಯಸ್ಸಿನ್ಯಾಗ ನನಗ ತಮ್ಮನೂ ಅಲ್ಲ, ಮಗ ಇದ್ದಂಗ. ಎಷ್ಟು ಸುತ್ತು ಬೇಕಂತ ಅವ ಲೆಕ್ಕಾ ಬರೀತಾನ, ನಾ ಕೈಕಟ್ಟಿ ನಿಂತಿರ್ತೀನಿ. ಯಾಕ ಹಂಗ ಬರದಿ ಅಂತ ಕೇಳಾಕ ನಾಚಿಕಿ. ಕೇಳಿದ್ರೂ ತಿಳಿಯಂಗಿಲ್ಲ."

"ಇದನ್ನ ಮೈಕಿನ್ಯಾಗ ಯಾಕ ಹೇಳಲಿಲ್ಲ?" ಎಂದಳು ಬೀರಮ್ಮ.

"ಶಾಲು ಹೊದಿಸಿದ್ರವ್ವ."

ಮರುದಿನ ಆ ಮೋಟರಿನ ಅಳತೆ ಬರೆದುಕೊಂಡು ಮೂವರೂ ರಾಯಚೂರು ಬಸ್ಸು ಹತ್ತಿದೆವು. ಡಿಪ್ಲೊಮಾ ಹುಡುಗ ಅಳತೆ ಕೇಳಿ ಹಾಳೆಯ ಮೇಲೆ ಗೀಚಿದ. ನಾನು ಎಂದಿನಂತೆ ಕೈಕಟ್ಟಿ ನಿಂತೆ. ಮಾಳಮ್ಮ ಹಾಳೆಯ ಮೇಲೆ ಬೆರಳಿಟ್ಟಳು: "ಇಲ್ಲಿ ಯಾಕ ಭಾಗಿಸಿದ್ರಿ?" ಅವನು ಹೇಳಿದ. "ತಿಳೀಲಿಲ್ರಿ, ಇನ್ನೊಮ್ಮಿ." ಮತ್ತೆ ಹೇಳಿದ. ಮೂರನೆಯ ಸಲ ಪೆನ್ನು ಅವಳ ಕೈಗೇ ಕೊಟ್ಟ. ನಿದ್ದೆ ಬಂದದ್ದು ಬೆಂಚಿನ ಮೇಲಿದ್ದ ಬೀರಮ್ಮನಿಗೆ.

ಮಕ್ಕಳಿಗೆ ಓದಿನ ಮೇಲೆ ಮನಸ್ಸಿಲ್ಲ ಎಂದು ದೊಡ್ಡವರು ಹೇಳುತ್ತಲೇ ಇರುತ್ತಾರೆ. ಮೊನ್ನೆಯವರೆಗೆ ನಾನೂ ತಲೆಯಾಡಿಸುತ್ತಿದ್ದೆ. ಮನಸ್ಸು ಇರುತ್ತದೆ ಅನ್ನಿಸುತ್ತದೆ ಈಗ. ತಮ್ಮದೇ ಆದ ಒಂದು ಪ್ರಶ್ನೆ ಬಂದಿರುವುದಿಲ್ಲ. ಅದು ಬರುವ ತನಕ ಪುಸ್ತಕದಲ್ಲಿ ಇರುವುದೆಲ್ಲ ಬೇರೆಯವರ ಪ್ರಶ್ನೆಗೆ ಬೇರೆಯವರು ಬರೆದ ಉತ್ತರ. ಅದನ್ನು ಕೇಳಿ ನಿದ್ದೆ ಬರದಿದ್ದರೇ ಆಶ್ಚರ್ಯ. ನನಗೂ ಪ್ರಶ್ನೆ ಬಂತು, ಆದರೆ ಬರುವ ಹೊತ್ತಿಗೆ ಮೀಸೆ ನೆರೆಯತೊಡಗಿತ್ತು. ಅವಳಿಗೆ ಹದಿನೈದಕ್ಕೇ ಬಂತು.

ಬರುವಾಗ ಬಸ್ಸಿನಲ್ಲಿ ಅವಳು ಆ ಹಾಳೆಯ ಲೆಕ್ಕವನ್ನೇ ತಿರುಗಿ ತಿರುಗಿ ನೋಡಿದಳು. ಶುಕ್ರವಾರ ಅಂಗಡಿಗೆ ಬರಲಿಲ್ಲ. ಮುಂಜಾನೆ ಶೇರ್ ಆಟೋ ಅಂಗಡಿ ಮುಂದೆಯೇ ಹೋಯಿತು. ತೊಡೆಯ ಮೇಲೆ ಸಾಲಿಯ ಚೀಲ ಇಟ್ಟುಕೊಂಡು ಕುಳಿತಿದ್ದಳು. ಈ ಕಡೆ ನೋಡಲೂ ಇಲ್ಲ. ನಾನು ಕೈ ಎತ್ತಿಬಿಟ್ಟಿದ್ದೆ, ತಲೆ ಕೆರೆದುಕೊಂಡೆ.

ಸದ್ಯ ನನ್ನ ಹತ್ತಿರ ಇರುವುದು ಇಷ್ಟು: ಅಂಗಡಿ ಒಂದು, ತಂತಿ ಸುತ್ತುವ ಯಂತ್ರ ಎರಡು, ಕಟ್ಟಬೇಕಾದ ಮೋಟರು ಏಳು, ಕಟ್ಟುವ ಕೈ ಎರಡು.