ಮೆಟ್ಟಿಲ ಕೆಳಗಿನ ಲಿಲ್ಲಿ ಆಂಟಿ

ದೊಡ್ಡ ಸದ್ದು ಕೇಳಿದರೆ ಲಿಲ್ಲಿ ಆಂಟಿ ಎರಡೂ ಕಿವಿಗೆ ಬೆರಳಿಟ್ಟು ಬಾಯಿಯನ್ನು ಅಗಲವಾಗಿ ತೆರೆಯುತ್ತಿದ್ದರು. ಕುಕ್ಕರ್ ಕೂಗಿದರೂ ಅಷ್ಟೇ. "ದವಡೆ ಬಿಗಿ ಹಿಡಿದ್ರೆ ಕಿವಿ ಒಡೀತದೆ ಮಗಾ," ಎನ್ನುತ್ತಿದ್ದರು. ಅವರು ನರ್ಸ್ ಆದ್ದರಿಂದ ಇದೂ ಡಾಕ್ಟರರ ಸಲಹೆಯೇ ಇರಬೇಕೆಂದು ನಂಬಿದ್ದೆ.

ಅಬುಧಾಬಿಯ ನಮ್ಮ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಒಂದು ಕೋಣೆ ಬಾಡಿಗೆಗೆ ಅವರದು; ಅಡುಗೆಮನೆ ಎಲ್ಲರಿಗೂ ಒಂದೇ. ಅಮ್ಮನ ಮೀನುಸಾರಿನ ರುಚಿ ನೋಡಿ, "ಎಂತ ಮಾರಾಯ್ತಿ, ಉಪ್ಪಿಗೆ ವೀಸಾ ಸಿಗ್ಲಿಲ್ಲವಾ?" ಎಂದು ನಗಿಸುತ್ತಿದ್ದರು. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು ಎಂಬುದರಾಚೆ ಅವರ ಬಗ್ಗೆ ನಮಗೇನೂ ಗೊತ್ತಿರಲಿಲ್ಲ.

೨೦೧೧ರ ಮಾರ್ಚಿನ ಒಂದು ಶುಕ್ರವಾರ ಮಧ್ಯಾಹ್ನ ಕಟ್ಟಡದ ಫೈರ್ ಅಲಾರ್ಮ್ ಹೊಡೆಯಿತು. ಎಲ್ಲರೂ ಹೊರಗೆ ಪಾರ್ಕಿಂಗಿಗೆ ಓಡಿದರು. ಲಿಲ್ಲಿ ಆಂಟಿ ಮಾತ್ರ ನನ್ನನ್ನು ನೆಲಮಹಡಿಯ ಮೆಟ್ಟಿಲ ಕೆಳಗಿನ ಸಂದಿಗೆ ಎಳೆದರು.

"ಆಂಟಿ, ಇಟ್ಸ್ ಫೈರ್! ಔಟ್ ಹೋಗ್ಬೇಕು!"

"ಬೇಡ! ಹೊರಗೆ ಹೋದವ ಬರುದಿಲ್ಲ," ಎಂದು ನನ್ನ ತಲೆಯನ್ನು ಎದೆಗೆ ಒತ್ತಿ ಹಿಡಿದರು. ಕೊನೆಗೆ ವಾಚ್‌ಮನ್ ಬಂದು, "ಖಲಾಸ್, ಖಲಾಸ್," ಎಲ್ಲ ಮುಗೀತು ಎನ್ನುತ್ತ ಬಿಡಿಸಿದ. ಅವರ ಉಗುರುಗಳು ನನ್ನ ತೋಳಿನಲ್ಲಿ ಇಳಿದಿದ್ದವು. ಡೈರಿಯಲ್ಲಿ ಅಷ್ಟನ್ನು ಬರೆದೆ. ಕಾರಣ ಗೊತ್ತಾಗಲಿಲ್ಲ.

೨೦೧೪ರ ಡಿಸೆಂಬರ್ ಎರಡು, ಇಲ್ಲಿನ ರಾಷ್ಟ್ರೀಯ ದಿನ. ವಿಮಾನಗಳು ಬಣ್ಣದ ಹೊಗೆ ಬಿಡುತ್ತ ಕಾರ್ನಿಷ್ ಕಡಲತೀರದ ಕಡೆ ಹಾರಿದವು. ವಿಸಿಟ್ ವೀಸಾದಲ್ಲಿ ಬಂದಿದ್ದ ಅಜ್ಜ ಬಾಲ್ಕನಿಯಲ್ಲಿ ಕೂತು ತಮ್ಮ ಹಳೆಯ ಕತೆ ತೆಗೆದರು. ಎಪ್ಪತ್ತೊಂದರ ಯುದ್ಧದಲ್ಲಿ ಅವರು ವಾಯುಪಡೆಯ ವಿಮಾನಗಳಿಗೆ ಬಾಂಬು ಜೋಡಿಸುತ್ತಿದ್ದವರು.

"ಕರಾಚಿ ಬಂದರಿನ ಎಣ್ಣೆ ಟ್ಯಾಂಕು ಉರಿದದ್ದು ಸುಮ್ನೆಯಾ? ನಾವು ಕಳಿಸಿದ ಮಾಲು ಅದು!"

ಚಹಾ ತಂದ ಲಿಲ್ಲಿ ಆಂಟಿ ಟ್ರೇ ಹಿಡಿದೇ ನಿಂತರು. "ನಾನು ಅಲ್ಲೇ ಇದ್ದೆ ಅಂಕಲ್."

ಅವರ ಅಪ್ಪ ಮಂಗಳೂರಿನಿಂದ ಹೋಗಿ ಕರಾಚಿ ಬಂದರಿನಲ್ಲಿ ಗುಮಾಸ್ತರಾಗಿದ್ದರಂತೆ. ಸೈರನ್ ಕೂಗಿದರೆ ತಾಯಿ ಮಕ್ಕಳನ್ನು ಮೆಟ್ಟಿಲ ಕೆಳಗೆ, ಕಿವಿಗೆ ಬೆರಳಿಡಿಸಿ ಬಾಯಿ ತೆರೆಸಿ, ಕೂರಿಸುತ್ತಿದ್ದರಂತೆ.

"ನನಗೆ ಏಳು ವರ್ಷ, ತಮ್ಮನಿಗೆ ಐದು. ವಿಮಾನ ನೋಡ್ಬೇಕು ಅಂತ ನನ್ನ ಕೈ ಬಿಡಿಸಿಕೊಂಡು ಓಡಿದ. ಸಂಜೆ ಅಪ್ಪ ಅವನನ್ನು ಬೆಡ್‌ಶೀಟಿನಲ್ಲಿ ಕಟ್ಟಿಕೊಂಡು ಬಂದ್ರು." ಆಮೇಲೆ ಅಜ್ಜನನ್ನು ಕೇಳಿದರು, "ಬಂದರಿನ ಹತ್ರ ಮನೆಗಳೂ ಉಂಟು ಅಂತ ನಿಮಗೆ ಗೊತ್ತಿತ್ತಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ರೋಗಿಯನ್ನು ಎಲ್ಲಿ ನೋವು ಎಂದು ಕೇಳುವಂತಿತ್ತು. ಅಜ್ಜ ಎದ್ದು ಒಳಗೆ ಹೋದರು.

ಮುಂದಿನ ವಾರ ಲಿಲ್ಲಿ ಆಂಟಿ ವರ್ಗವಾಗಿ ದೂರದ ರುವೈಸ್‌ನ ಆಸ್ಪತ್ರೆಗೆ ಹೊರಡಬೇಕಿತ್ತು. ಅಲ್ಲಿಯವರೆಗೂ ಅವರು ಎದುರು ಬಂದರೆ ಅಜ್ಜ ಎದ್ದು ಕೋಣೆಗೆ ಹೋಗುತ್ತಿದ್ದರು. "ಉತ್ತರ ಸಿಗದೆ ಹೋಗ್ತಾಳಲ್ಲ," ಎಂದು ಅಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡರು. ನಾನು ಲಿಲ್ಲಿ ಆಂಟಿಯನ್ನು ಕೊನೆಯ ಸಲ ನೋಡಿದ್ದು ಅವರು ಹೊರಟ ಬೆಳಿಗ್ಗೆಯೇ. ಹೊರಡುವಾಗ ಹಿರಿಯರ ಬೆಸಾಂವ್, ಅಂದರೆ ಆಶೀರ್ವಾದ, ಪಡೆಯುವುದು ಅವರ ಪದ್ಧತಿ. ಟ್ಯಾಕ್ಸಿ ಬಂದಾಗ ಅಜ್ಜನ ಮುಂದೆ ತಲೆಬಾಗಿ ನಿಂತರು.

"ಬೆಸಾಂವ್ ಕೊಡಿ ಅಂಕಲ್."

ಅಜ್ಜನಿಗೆ ಕೈ ಎತ್ತಲು ಹೊತ್ತು ಹಿಡಿಯಿತು. "ಗೊತ್ತಿತ್ತು ಮಗಳೇ. ಬಂದರು ಅಂದ್ಮೇಲೆ ಮನೆ ಇರ್ತದೆ, ಗೊತ್ತಿತ್ತು," ಎಂದರು. ಆಮೇಲೆ ಕೇಳಿದರು, "ತಮ್ಮನ ಹೆಸರು ಎಂತ?"

"ಫೆಲಿಕ್ಸ್."

ಅಜ್ಜ ಅವರ ತಲೆಯ ಮೇಲೆ ಕೈಯಿಟ್ಟರು. ಆಶೀರ್ವಾದದ ಮಾತಿನ ಬದಲು ಆ ಹೆಸರನ್ನೇ ಹೇಳಿದರು.