ಮಂಜ ತೆರೆದಿಟ್ಟ ಫೈಲು

ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ನನಗೆ ಆದದ್ದನ್ನು ಹೇಳುತ್ತೇನೆ, ಅಷ್ಟೆ.

ಮಾಲೂರಿನ ಹತ್ತಿರ ತಗಡು ಒತ್ತುವ ಫ್ಯಾಕ್ಟರಿ. ನನಗೆ ನೈಟ್ ಶಿಫ್ಟು. ಪ್ರೆಸ್ ಮೇಲೆದ್ದು ಮತ್ತೆ ಇಳಿಯುವುದರೊಳಗೆ ತಗಡು ಇಟ್ಟು ಕೈ ತೆಗೆಯಬೇಕು. ನಡುವೆ ಎಷ್ಟು ಸೆಕೆಂಡು ಅನ್ನುವುದು ಪಕ್ಕದ ಕಂಪ್ಯೂಟರಿನ ಫೈಲಿನಲ್ಲಿರುತ್ತದೆ. ಅದನ್ನು ತಿದ್ದಲು ಮೌಸ್ ಇಲ್ಲ. ಕಪ್ಪು ಪರದೆ, ವಿಮ್ ಅನ್ನುವ ಪುಕ್ಕಟೆ ಸಾಫ್ಟ್‌ವೇರು, ಎಲ್ಲ ಕೀ ಒತ್ತಿಯೇ ಆಗಬೇಕು. ಕಲಿಸಿದವನು ಲಕ್ಕೂರಿನ ಮಂಜ.

"ಇದ್ರೊಳಗ್ ಹೋಗೋದು ಸುಲ್ಬ ಕಣೋ ಮುನಿ. ಈಚೆಗ್ ಬರೋದೇ ಗೊತ್ತಾಗಲ್ಲ," ಅಂತ ನಗುತ್ತಿದ್ದ.

ಹೋದ ತಿಂಗಳು ಮಂಜ ಆ ಫೈಲು ತೆರೆದು ಎರಡು ಸೆಕೆಂಡನ್ನು ಆರು ಮಾಡುತ್ತಿದ್ದ. ಅಷ್ಟರಲ್ಲಿ ತಗಡು ಸಿಕ್ಕಿಕೊಂಡಿತು. ಸೇವ್ ಮಾಡದೆ ಎದ್ದುಹೋಗಿ ಬಗ್ಗಿದ. ಪ್ರೆಸ್ ಇಳಿಯಿತು. ತಲೆ ಒಳಗಿತ್ತು.

ಆಮೇಲೆ ಹೆದರಿ ಫ್ಯಾಕ್ಟರಿಯವರೇ ಅದನ್ನು ಆರು ಮಾಡಿದರು. ಒಂದು ರಾತ್ರಿ ಸೂಪರ್‌ವೈಸರ್ ಬಂದ.

"ಲೇ ಮುನಿ, ಮತ್ತೆ ಎರಡ್ ಮಾಡು. ಬೆಳಗ್ಗೆ ಲಾರಿ ಬರ್ತೈತೆ."

"ಸಾರ್, ಮಂಜ ಹೋಗಿದ್ದೇ ಅದ್ರಿಂದ..."

"ಸತ್ತೋನ್ ಬಂದು ಪೀಸ್ ಒತ್ತಿಕೊಡ್ತಾನೇನ್ಲಾ? ಮಾಡು. ಇಲ್ಲಾಂದ್ರೆ ಗೇಟ್ ಆಚೆ ನಿಂತ್ಕೋ."

ಫೈಲು ತೆರೆದೆ. ಪರದೆ ತುಂಬ ಎಚ್ಚರಿಕೆ... ಈ ಫೈಲನ್ನು ಇನ್ನೊಬ್ಬರು ಆಗಲೇ ತೆರೆದು ತಿದ್ದುತ್ತಿದ್ದಾರೆ ಅಂತ. ಹೆಸರು, ಮಂಜ.

ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ. ಪ್ರೆಸ್ ನಿಂತಿದ್ದರೂ ಬಿಸಿ ಎಣ್ಣೆ ವಾಸನೆ. ಎಲ್ಲೋ ಟಕ್... ಟಕ್... ಕೀ ಒತ್ತುವ ಸದ್ದು. ನನ್ನ ಕೈ ತೊಡೆಯ ಮೇಲಿತ್ತು.

ಆದದ್ದಾಗಲಿ ಅಂತ ಎರಡು ಹೊಡೆದು ಸೇವ್ ಮಾಡಿದೆ. ತೆರೆದು ನೋಡಿದರೆ ಆರು. ಮತ್ತೆ ಎರಡು. ಮತ್ತೆ ಆರು.

"ಆಟ ಆಡ್ತಿದೀಯೇನ್ಲಾ?" ಸೂಪರ್‌ವೈಸರ್ ಪರದೆ ನೋಡಿ ನಕ್ಕ. "ಓ, ಇವ್ನಾ. ಕಿಲ್ ಅಂತ ಹೊಡಿ, ಅವನ್ದು ಕ್ಲೋಸ್ ಆಗ್ತೈತೆ. ಇನ್ನೊಂದ್ ಸಲ ಸಾಯ್ಲಿ ಬಿಡು."

ಕೆಲಸ ಬೇಕಿತ್ತು. ಹೊಡೆದು ಎಂಟರ್ ಒತ್ತಿದೆ.

ನನ್ನ ಕಿವಿಯ ಹಿಂದೆ ಯಾರೋ ಉಸಿರು ಎಳೆದುಕೊಂಡರು... ಬಿಡಲಿಲ್ಲ.

ಈಗ ಎರಡು ಎರಡಾಗಿಯೇ ನಿಂತಿತು. ಪ್ರೆಸ್ ಹತ್ತಿರ ಹೋದೆ. ಬೆಳಕು ಹರಿಯುವ ಮುಂಚೆಯೇ ಬಲಗೈಯ ಬೆರಳುಗಳು ತಗಡಿನ ಜೊತೆ ಚಪ್ಪಟೆಯಾದವು.

"ನೋಡ್ಕಂಡ್ ಕೆಲ್ಸ ಮಾಡ್ಬೇಕಲ್ವೇನ್ಲಾ," ಅಂದ ಸೂಪರ್‌ವೈಸರ್. ತಗಡು ಒರೆಸಿ ಲಾರಿಗೆ ಹಾಕಿಸಿದ.

ಮೊನ್ನೆ ರಾತ್ರಿ ನನ್ನ ಜಾಗಕ್ಕೆ ಬಂದಿರುವ ರಮೇಶ ಫೋನ್ ಮಾಡಿದ. ಪಿಸುಗುಟ್ಟುತ್ತಿದ್ದ.

"ಮುನಿಯಣ್ಣ, ಮನೇಲೇ ಇದೀರಾ?"

"ಇನ್ನೆಲ್ಲೋ ಇರ್ಲಿ?"

"ಫೈಲ್ ಯಾರೋ ತೆಗೆದವ್ರೆ ಅಂತ ಬರ್ತೈತೆ. ಎರಡ್ ಹೊಡೆದ್ರೆ ಆರ್ ಆಗ್ತೈತಣ್ಣ... ನಿಮ್ ಹೆಸರೇ ತೋರಿಸ್ತೈತೆ. ಸೂಪರ್‌ವೈಸರ್ ಕಿಲ್ ಹೊಡಿ ಅಂತಾವ್ರೆ. ಹೊಡೀಲಾ?"

ಬ್ಯಾಂಡೇಜಿನೊಳಗೆ, ಇಲ್ಲದ ಬೆರಳುಗಳು ಏನನ್ನೋ ಒತ್ತುತ್ತಿದ್ದವು. ಟಕ್... ಟಕ್...

"ಅಣ್ಣ, ಹೊಡೀಲಾ?"