ಕಲ್ಲುಕ್ವಾರಿಯ ಏರಿನಲ್ಲಿ ನಾನು ಮಾಡಿದ್ದು

ಆ ದಿನ ನಮಿತಾ ಏರು ಹತ್ತದಂತೆ ಮಾಡಿದವನು ನಾನೇ. ಅವಳ ಅಪ್ಪ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ — ನನ್ನ ಹೆಂಡತಿಗೂ.

ಮುಂಬಯಿ ಪಕ್ಕದ ಠಾಣೆಯ ಕೋಪರಿಯಲ್ಲಿ ನಮ್ಮದೊಂದು ಅಡುಗೆಮನೆಯಿತ್ತು. ಅಲ್ಲಿಂದ ಭಿವಂಡಿಯ ಗೋದಾಮುಗಳ ಕ್ಯಾಂಟೀನಿಗೆ ದಿನವೂ ನನ್ನ ಹಳೆಯ ಡೀಸೆಲ್ ಜೀಪಿನಲ್ಲಿ ಊಟ ಒಯ್ಯುತ್ತಿದ್ದೆ. ಹೆದ್ದಾರಿಯಲ್ಲಿ ಸಣ್ಣ ಕಾರುಗಳೂ ಅದನ್ನು ಹಿಂದೆ ಹಾಕುತ್ತಿದ್ದವು. ಇಂಜಿನ್ನಿನ ಪವರ್ ಅಷ್ಟಕ್ಕಷ್ಟೆ. ಆದರೆ ಗೋದಾಮಿನ ಹಿಂದಿನ ಕೆಸರಿನಲ್ಲಿ, ಸಾಂಬಾರಿನ ಪಾತ್ರೆಗಳ ಭಾರ ಹೊತ್ತು, ನಿಂತಲ್ಲಿಂದ ಎದ್ದು ಬರುತ್ತಿದ್ದುದು ಅದೊಂದೇ. ಅದು ಟಾರ್ಕ್. ಹಿಟ್ಟು ತುಂಬಿದ ರುಬ್ಬುವ ಕಲ್ಲನ್ನು ಮೊದಲ ಸುತ್ತು ತಿರುಗಿಸಲು ತೋಳಿಗೆ ಬೇಕಾದ ಬಲವಿದೆಯಲ್ಲ, ಅಂಥದ್ದು. ಗೇರಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಲಿವರ್. ಅದನ್ನು ‘ಲೋ’ಗೆ ಹಾಕಿದರೆ ಆ ಬಲ ಹಲವು ಪಟ್ಟಾಗಿ ನಾಲ್ಕೂ ಚಕ್ರಕ್ಕೆ ಸಿಗುತ್ತದೆ. ವೇಗ ಇಳಿಯುತ್ತದೆ, ಆದರೆ ಗಾಡಿ ಗೋಡೆ ಹತ್ತೀತು.

ನಮಿತಾ ಕಾಲೇಜು ಮುಗಿಸಿದ್ದಳು. ಲೈಸೆನ್ಸ್ ಹೊಸದು. ಒಂದು ದಿನ ಮಾಜಿವಾಡಾದ ಟ್ರಾಫಿಕ್ಕಿನಲ್ಲಿ ಅವಳು ಜೀಪು ಓಡಿಸಿದ್ದನ್ನು ಕಂಡು ನನ್ನ ಹೆಂಡತಿಯ ತಮ್ಮ ನಕ್ಕ. “ಭಾವ, ನಿಮಗಿಂತ ಮಗಳದ್ದೇ ಹ್ಯಾಂಡ್ ಸ್ಮೂತ್ ಉಂಟು ಮಾರಾಯ್ರೆ!”

ನಾನೂ ನಕ್ಕೆ. ಆದರೆ ಒಳಗೆ —

ಅದೇ ವಾರ ಅವಳು ಕೇಳಿದಳು, ಭಿವಂಡಿಯ ಟ್ರಿಪ್ ತಾನು ಮಾಡಲೇ ಎಂದು. “ಕ್ವಾರಿಯ ಏರು ಹತ್ತಿಸಿ ತೋರಿಸು, ಚಾವಿ ನಿನ್ನದು,” ಎಂದೆ. ಭಾನುವಾರ ನಾನು, ಅವಳು, ಭಾವಮೈದುನ ಮೂವರೂ ಕಲ್ಯಾಣದಾಚೆಯ ಪಾಳುಬಿದ್ದ ಕಲ್ಲುಕ್ವಾರಿಗೆ ಹೋದೆವು. ಮೊದಲು ನಾನು ಹತ್ತಿಸಿ, ಇಳಿಸಿದೆ. ಕೆಳಗೆ ಬಂದವನು ಸೀಟು ಬಿಡುವ ಮುಂಚೆ ಚಿಕ್ಕ ಲಿವರನ್ನು ಸದ್ದಿಲ್ಲದೆ ‘ಲೋ’ದಿಂದ ತೆಗೆದೆ. “ಎಲ್ಲ ಸೆಟ್ ಮಾಡಿದ್ದೇನೆ. ಅದನ್ನು ಮುಟ್ಟಬೇಡ,” ಎಂದೆ. ಅವಳು ಮುಟ್ಟಲಿಲ್ಲ. ಅಪ್ಪ ಹೇಳಿದ್ದನಲ್ಲ.

ಅರ್ಧ ಏರಿನಲ್ಲಿ ಜೀಪು ನಿಂತಿತು. ಹಿಂದಿನ ಚಕ್ರಗಳು ಜಲ್ಲಿಯಲ್ಲಿ ಸುಮ್ಮನೆ ತಿರುಗಿದವು, ಕ್ಲಚ್ ಸುಟ್ಟ ವಾಸನೆ ಬಂತು. ಮತ್ತೆ ಯತ್ನಿಸಿದಳು. ಮತ್ತೆ ಹಿಂದಕ್ಕೆ ಜಾರಿದಳು. “ಅಪ್ಪಾ, ನಾನು ಏನು ಗಲತ್ ಮಾಡ್ತಿದ್ದೇನೆ?” ಎಂದಳು, ಮುಖವೆಲ್ಲ ಕೆಂಪಾಗಿ.

ನಿಜ ಹೇಳಲು ಅದೊಂದು ಗಳಿಗೆಯಿತ್ತು. ನಾನು ಹೇಳಿದ್ದು ಇದು: “ಇದು ನಿನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ ಮಗಾ.”

ಆಮೇಲೆ ನಾನೇ ಕುಳಿತು, ಮೊಣಕಾಲಿನ ಮರೆಯಲ್ಲಿ ಲಿವರ್ ಹಾಕಿ, ಸಲೀಸಾಗಿ ಹತ್ತಿಸಿದೆ. ಭಾವಮೈದುನ ಚಪ್ಪಾಳೆ ತಟ್ಟಿದ. ಮಗಳೂ ತಟ್ಟಿದಳು.

ಅವಳು ಸ್ಟಿಯರಿಂಗ್ ಮುಟ್ಟದೆ ವರ್ಷಗಳೇ ಕಳೆದವು. ಲೋಕಲ್ಲಿನಲ್ಲಿ ಜೋತುಬಿದ್ದು ಓಡಾಡಿದಳು. ಯಾರಾದರೂ ಕೇಳಿದರೆ, “ನನಗೆ ಡ್ರೈವಿಂಗ್ ಜಮೋದಿಲ್ಲ,” ಎಂದು ನಗುತ್ತಿದ್ದಳು. ನಾನು ಅಲ್ಲೇ ಕುಳಿತು ಕೇಳುತ್ತಿದ್ದೆ.

ಆದರೆ ನಮಿತಾ ನನ್ನ ಮಾತಿಗೆ ಮುಗಿದುಹೋಗುವ ಹುಡುಗಿಯಲ್ಲ — ಇದನ್ನು ಬರೆಯುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ. ನವಿಮುಂಬಯಿಯಲ್ಲಿ ಗುಡ್ಡ ಕಡಿದು ರಸ್ತೆ ಮಾಡುವ ಸೈಟಿನಲ್ಲಿ ಅವಳಿಗೆ ಇಂಜಿನಿಯರ್ ಕೆಲಸ ಸಿಕ್ಕಿತು. ನನಗೆ ಹೇಳದೆ ಮೊದಲಿನಿಂದ ಡ್ರೈವಿಂಗ್ ಕಲಿತಳು. ಸ್ವಂತ ದುಡಿಮೆಯಲ್ಲಿ ಹಳೆಯದೊಂದು ಫೋರ್‌ವೀಲ್ ಡ್ರೈವ್ ಕೊಂಡಳು. ಡೊಂಬಿವಲಿಯ ತನ್ನ ಮನೆಯಿಂದ ಶೀಳಫಾಟಾ ದಾಟಿ ದಿನವೂ ಅದರಲ್ಲೇ ಹೋಗಿಬರುತ್ತಾಳೆ.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಾನು ಅವಳ ಪಕ್ಕದಲ್ಲಿದ್ದೆ. ಶೀಳಫಾಟಾದ ಬಳಿ ಮಕ್ಕಳು ತುಂಬಿದ್ದ ಶಾಲಾಬಸ್ಸೊಂದು ರಸ್ತೆಯಂಚಿನ ಕೆಸರಿನಲ್ಲಿ ಹೂತು ಒಂದು ಬದಿಗೆ ವಾಲಿತ್ತು. ಒಳಗೆ ಮಕ್ಕಳು ಅಳುತ್ತಿದ್ದರು. ನಮಿತಾ ಇಳಿದಳು, ಮಕ್ಕಳನ್ನು ಇಳಿಸಿದಳು, ಹಗ್ಗ ಬಿಗಿದಳು, ಬಂದು ‘ಲೋ’ಗೆ ಹಾಕಿದಳು. ಆಕ್ಸಿಲರೇಟರ್ ಒತ್ತಲೇ ಇಲ್ಲವೇನೋ — ಕ್ಲಚ್ಚನ್ನು ಅಷ್ಟು ನಿಧಾನವಾಗಿ ಬಿಟ್ಟಳು. ಇಂಜಿನ್ ಗುಡುಗಲಿಲ್ಲ, ಗುನುಗಿತು. ಬಸ್ಸು ಎದ್ದು ಬಂತು. ಅಷ್ಟು ಹಗುರ ಕೈ ನನಗೆಂದೂ ಇರಲಿಲ್ಲ.

ಮತ್ತೆ ಹೊರಟಾಗ ಅವಳೇ ಅಂದಳು, “ಅಪ್ಪಾ, ಆ ದಿನ ಕ್ವಾರಿಯಲ್ಲಿ ನಾನು ಸುಮ್ಮನೆ ರೇಸ್ ಮಾಡ್ತಿದ್ದೆ. ಪವರ್ ಸಾಕು ಅಂದ್ಕೊಂಡಿದ್ದೆ. ಮಿಸ್ಟೇಕ್ ನನ್ನದೇ.”

“ನಿನ್ನದಲ್ಲ,” ಎಂದೆ. ಎಲ್ಲವನ್ನೂ ಹೇಳಿದೆ.

ಅವಳು ಗಾಡಿ ಬದಿಗೆ ನಿಲ್ಲಿಸಿದಳು. “ತುಮ್ಹಾಲಾ ಮಾಹೀತ್ ಹೋತಂ,” ಎಂದಳು. ಸಿಟ್ಟು ಬಂದಾಗ ಅವಳಿಗೆ ಮರಾಠಿಯೇ ಬರುತ್ತದೆ. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ: “ನಿಮಗೆ ಗೊತ್ತಿತ್ತು. ಇಷ್ಟು ವರ್ಷ ನಾನು ನನ್ನ ಕೈಗಳನ್ನೇ ನಂಬ್ಲಿಲ್ಲ ಅಪ್ಪಾ.”

ಭಯದಿಂದ ಮಾಡಿದೆ ಎನ್ನಬಹುದಿತ್ತು. ಹೆಣ್ಣುಮಗಳು, ಭಿವಂಡಿಯ ರಸ್ತೆ... ಆದರೆ ಅದು ಸುಳ್ಳು. ಅದು ಹೊಟ್ಟೆಕಿಚ್ಚು. ಸ್ವಂತ ಮಗಳ ಮೇಲೆ.

ಅವಳಿನ್ನೂ ಕ್ಷಮಿಸಿಲ್ಲ. ಫೋನಿನಲ್ಲಿ “ಊಟ ಆಯ್ತಾ” ಎಂದು ಕೇಳಿ, ಅಮ್ಮನಿಗೆ ಕೊಡಿ ಎನ್ನುತ್ತಾಳೆ. ನಾನೂ ಕ್ಷಮೆ ಕೇಳಿ ಅವಳನ್ನು ಪೀಡಿಸುತ್ತಿಲ್ಲ. ಕಳೆದ ವಾರ ಕನ್ನಡ ಸಂಘದ ಊಟದಲ್ಲಿ ಯಾರೋ ಬೆನ್ನು ತಟ್ಟಿದರು — “ನಿಮ್ಮ ಮಗಳಂತೆ, ಬಸ್ಸನ್ನೇ ಎಳೆದಳಂತೆ! ನೀವೇ ಕಲಿಸಿದ್ದಲ್ವಾ?” ಭಾವಮೈದುನನೂ ಪಂಕ್ತಿಯಲ್ಲಿದ್ದ. ನಾನು ಕೈತೊಳೆದು ಬಂದು ಎಲ್ಲರ ಮುಂದೆ ಹೇಳಿದೆ: “ನನ್ನ ಮಗಳೇ. ನಾನು ಕಲಿಸಿದ್ದಲ್ಲ. ನಾನು ತಡೆದೆ. ಕೂತ್ಕೊಳ್ಳಿ, ಹೇಗೆ ತಡೆದೆ ಅಂತ ಹೇಳ್ತೇನೆ.”